ಮುಗಿದ ಮೇಲೆ ಫೋಟೊ ಹಾಕಬೇಡಿ, ಮೊದಲೇ ಹೇಳಿ

ಮಾನ್ಯ ಸಂಪಾದಕರೇ,

ಡಿಸೆಂಬರ್ ಕೊನೆ ಹತ್ತಿರ ಬಂದರೆ ಮಕ್ಕಳಿರುವ ಮನೆಗಳಲ್ಲಿ ಒಂದೇ ಮಾತು. ರಜೆಗೆ ಎಲ್ಲಿಗೆ ಹೋಗೋಣ? ಕೆಲವರು ಗೋವಾಕ್ಕೋ ಕೊಡಗಿಗೋ ಹೊರಡುತ್ತಾರೆ, ಅವರ ಮಾತು ಬಿಡಿ. ಉಳಿದವರಿಗೆ ಮಾಲ್. ಅಲ್ಲಿ ಥರ್ಮಾಕೋಲ್ ಹಿಮದ ಮುಂದೆ ಒಂದು ಫೋಟೊ ತೆಗೆಸಿಕೊಂಡು, ಆಟದ ಕಾರ್ಡಿಗೆ ದುಡ್ಡು ತುಂಬಿಸಿ, ಏನೋ ಒಂದಿಷ್ಟು ತಿಂದು ಮನೆಗೆ ಬರುವ ಹೊತ್ತಿಗೆ ತಿಂಗಳ ಹಾಲಿನ ದುಡ್ಡು ಖಾಲಿ. ಮಕ್ಕಳಿಗೂ ಅಷ್ಟೇನೂ ಖುಷಿ ಆಗಿರಲ್ಲ.

ನನ್ನ ತಕರಾರು ಮಾಲ್ ಮೇಲಲ್ಲ, ನಿಮ್ಮ ಮೇಲೆ. ಬೇಜಾರು ಮಾಡಿಕೊಳ್ಳಬೇಡಿ. ನಮ್ಮ ಬೆಂಗಳೂರಿನಲ್ಲಿ ನವೆಂಬರಿನಿಂದ ಜನವರಿ ಕೊನೆಯವರೆಗೆ ಬಿಟ್ಟಿಯಾಗಿ ಅಥವಾ ಹತ್ತಿಪ್ಪತ್ತು ರೂಪಾಯಿಯಲ್ಲಿ ನೋಡುವಂಥದ್ದು ಎಷ್ಟೊಂದು ನಡೆಯುತ್ತದೆ. ಅದು ನಮಗೆ ಗೊತ್ತಾಗುವುದು ಮಾರನೇ ದಿನ, ನಿಮ್ಮ ಪತ್ರಿಕೆಯ ಮೂರನೇ ಪುಟದಲ್ಲಿ ನಾಲ್ಕು ಕಾಲಂ ಫೋಟೊ ನೋಡಿದಾಗ. 'ಜನಸಾಗರ' ಅಂತ ಕೆಳಗೆ ಬರೆದಿರುತ್ತೀರಿ. ಆ ಸಾಗರದಲ್ಲಿ ನಾವೂ ಇರಬಹುದಿತ್ತು ಅಲ್ವಾ? 'ಇಂದಿನ ಕಾರ್ಯಕ್ರಮ' ಅಂತ ಒಂದು ಮೂಲೆಯಲ್ಲಿ ಚಿಕ್ಕ ಅಕ್ಷರದಲ್ಲಿ ಹಾಕುತ್ತೀರಿ, ನಿಜ. ಅದರಲ್ಲಿ ಮುಕ್ಕಾಲು ಪಾಲು ಸನ್ಮಾನ, ಉದ್ಘಾಟನೆ, ಅಧ್ಯಕ್ಷತೆ, ಮುಖ್ಯ ಅತಿಥಿಗಳು. ಬೆಳಿಗ್ಗೆ ಏಳಕ್ಕೆ ಪೇಪರ್ ಕೈಗೆ ಬರುತ್ತದೆ, ಕಾರ್ಯಕ್ರಮ ಹತ್ತು ಗಂಟೆಗೆ ಊರಿನ ಇನ್ನೊಂದು ತುದಿಯಲ್ಲಿ. ದಾಸರಹಳ್ಳಿಯಿಂದ ಮಕ್ಕಳನ್ನು ಏಳಿಸಿ ತಲೆ ಬಾಚಿ ಹೊರಡಿಸುವಷ್ಟರಲ್ಲಿ ವಂದನಾರ್ಪಣೆ ಆಗಿರುತ್ತದೆ.

ದೊಡ್ಡ ಹಬ್ಬಗಳಿಗೆ ನಿಮ್ಮ ಸಹಾಯ ಬೇಕಿಲ್ಲ. ಬಸವನಗುಡಿಯ ಕಡಲೆಕಾಯಿ ಪರಿಷೆ ಕಾರ್ತಿಕದ ಕೊನೆಯ ಸೋಮವಾರ ಅಂತ ಕ್ಯಾಲೆಂಡರೇ ಹೇಳುತ್ತದೆ. ದೊಡ್ಡ ಬಸವಣ್ಣನ ಗುಡಿ ರಸ್ತೆ ಉದ್ದಕ್ಕೂ ರಾಶಿ ರಾಶಿ ಕಾಯಿ, ಹುರಿದದ್ದು, ಬೇಯಿಸಿದ್ದು, ಹಸಿಯದ್ದು, ಸೇರಿನಲ್ಲಿ ಅಳೆದು ಮೇಲೆ ಒಂದು ಹಿಡಿ ಕೊಸರು ಹಾಕಿ ಕೊಡುತ್ತಾರೆ. ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿ, ದಾಸರಹಳ್ಳಿ ರೈತರ ಬೆಳೆಯನ್ನು ಬಸವ ಮೇಯ್ದ ಕತೆ ಮಕ್ಕಳಿಗೆ ಹೇಳಿದರೆ ಅರ್ಧ ದಿನ ಅದರಲ್ಲೇ ಹೋಗುತ್ತದೆ. ಸೋಮವಾರ ರಜೆ ಇಲ್ಲದವರು ಹಿಂದಿನ ದಿನ ಭಾನುವಾರವೇ ಹೋಗಬಹುದು, ಅಂಗಡಿಗಳು ಆಗಲೇ ಬಂದಿರುತ್ತವೆ. ನ್ಯಾಷನಲ್ ಕಾಲೇಜು ಮೆಟ್ರೊ ನಿಲ್ದಾಣದಲ್ಲಿ ಇಳಿದು ನಡೆದರೆ ಆಯಿತು. ಆಮೇಲೆ ಅವರೆಕಾಯಿ ಕಾಲ, ಅವರೆಬೇಳೆ ಮೇಳ. ಅಲ್ಲಿ ಮಾತ್ರ ಜೇಬು ಜೋಪಾನ. ಒಳಗೆ ಹೋಗಲು ದುಡ್ಡು ಬೇಡ, ಆದರೆ ಹಿತಕಿದ ಬೇಳೆಯ ವಾಸನೆ ಬಿಡಬೇಕಲ್ಲ.

ಜನವರಿ ಮೊದಲ ಭಾನುವಾರದ ಚಿತ್ರಸಂತೆ ಕೂಡ ಹಾಗೆಯೇ. ಶುರುವಾಗಿ ಇಪ್ಪತ್ತು ವರ್ಷ ದಾಟಿದೆ, ಪ್ರವೇಶ ಉಚಿತ. ಚಿತ್ರಕಲಾ ಪರಿಷತ್ತಿನ ಮುಂದಿನ ಕುಮಾರಕೃಪಾ ರಸ್ತೆಯಲ್ಲಿ ಅವತ್ತು ವಾಹನ ಬಿಡಲ್ಲ. ಬೇರೆ ಬೇರೆ ರಾಜ್ಯದ ಕಲಾವಿದರು ರಸ್ತೆ ಬದಿಯಲ್ಲೇ ಕೂತಿರುತ್ತಾರೆ. ನಿಮ್ಮ ಮಗುವನ್ನು ಎದುರಿಗೆ ಸ್ಟೂಲಿನ ಮೇಲೆ ಕೂರಿಸಿ ಇದ್ದಿಲಿನಲ್ಲಿ ಮುಖ ಬರೆಯುತ್ತಾರೆ. ಸುತ್ತ ನಿಂತ ಹತ್ತಾರು ಜನ ಒಮ್ಮೆ ಹಾಳೆ ನೋಡುತ್ತಾರೆ, ಒಮ್ಮೆ ಮಗುವಿನ ಮುಖ ನೋಡುತ್ತಾರೆ. ಮಗುವಿಗೆ ನಗು ತಡೆಯಲಾಗುವುದಿಲ್ಲ, ಕಲಾವಿದ 'ಅಲ್ಲಾಡಬೇಡ' ಅಂತ ಹಿಂದಿಯಲ್ಲೋ ತಮಿಳಿನಲ್ಲೋ ಗದರುತ್ತಾನೆ. ಇಂಥದ್ದು ಯಾವ ಮಾಲಿನಲ್ಲಿ ಸಿಗುತ್ತದೆ ಹೇಳಿ. ಒಂದು ಮಾತು, ಹನ್ನೊಂದು ಗಂಟೆಯ ಮೇಲೆ ಅಲ್ಲಿ ಕಾಲಿಡಲು ಜಾಗ ಇರಲ್ಲ. ಚಿಕ್ಕ ಮಕ್ಕಳಿದ್ದರೆ ಬೆಳಿಗ್ಗೆ ಬೇಗ ಹೋಗಿ.

ಗಣರಾಜ್ಯೋತ್ಸವದ ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನಕ್ಕೆ ಟಿಕೆಟ್ ಇದೆ. ಶನಿವಾರ, ಭಾನುವಾರ ದರವೂ ಜಾಸ್ತಿ, ನೂಕುನುಗ್ಗಲೂ ಜಾಸ್ತಿ. ವಾರದ ನಡುವೆ ಹೋಗುವುದು ವಾಸಿ. ಸಮವಸ್ತ್ರದಲ್ಲಿ ಬರುವ ಶಾಲಾ ಮಕ್ಕಳನ್ನು ಬಿಟ್ಟಿ ಬಿಡುತ್ತಾರೆ, ಆದರೆ ಇದು ಎಷ್ಟು ತಂದೆ ತಾಯಿಗೆ ಗೊತ್ತು? ಗಾಜಿನ ಮನೆಯ ಒಳಗಿನ ಹೂವಿಗೆ ಎಲ್ಲರೂ ಮುಗಿಬೀಳುತ್ತಾರೆ. ಹೊರಗೆ ಕೆಂಪೇಗೌಡರ ಗೋಪುರ ನಿಂತಿರುವ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದು, ಅದರ ಮೇಲೆ ಕೂತು ಕಡಲೆಕಾಯಿ ತಿನ್ನಲು ಬೇರೆ ಟಿಕೆಟ್ ಇಲ್ಲ.

ಸಂಕ್ರಾಂತಿಯ ಸಂಜೆ ಗವಿಪುರದ ಗಂಗಾಧರೇಶ್ವರ ಗುಡಿಯಲ್ಲಿ ಸೂರ್ಯನ ಬೆಳಕು ನಂದಿಯ ಕೊಂಬುಗಳ ನಡುವೆ ಹಾದು ಲಿಂಗದ ಮೇಲೆ ಬೀಳುವುದನ್ನು ಪ್ರತಿ ವರ್ಷ ಟಿವಿಯಲ್ಲೇ ನೋಡುತ್ತೇವೆ. ಅಷ್ಟು ಹಿಂದೆ ಲೆಕ್ಕ ಹಾಕಿ ಕಟ್ಟಿದ್ದಾರಲ್ಲ, ಮಕ್ಕಳಿಗೆ ಅದಕ್ಕಿಂತ ಒಳ್ಳೆಯ ವಿಜ್ಞಾನ ಪಾಠ ಬೇಕಾ? ಆ ಹೊತ್ತಿಗೆ ಒಳಗೆ ಹೋಗಲು ಆಗಲ್ಲ ಬಿಡಿ, ಹೊರಗೆ ಪರದೆಯ ಮೇಲೆ ನೋಡಬೇಕು.

ಇವೆಲ್ಲ ನಿಮಗೂ ಗೊತ್ತು, ನಮಗೂ ಗೊತ್ತು. ಗೊತ್ತಾಗದೆ ಉಳಿಯುವುದು ಸಣ್ಣವು, ಮತ್ತು ರಜೆಯಲ್ಲಿ ಬೇಕಾಗುವುದು ಅವೇ. ರವೀಂದ್ರ ಕಲಾಕ್ಷೇತ್ರ, ಅದರ ಹಿಂದಿನ ಸಂಸ ಬಯಲು ರಂಗಮಂದಿರ, ಕನ್ನಡ ಭವನದ ನಯನ ಸಭಾಂಗಣ, ಇಲ್ಲೆಲ್ಲ ಈ ತಿಂಗಳುಗಳಲ್ಲಿ ನಾಟಕ, ಜಾನಪದ, ಸಂಗೀತ ನಡೆಯುತ್ತಲೇ ಇರುತ್ತದೆ. ಸರ್ಕಾರದ ಕಾರ್ಯಕ್ರಮವಾದರೆ ಟಿಕೆಟ್ಟೇ ಇಲ್ಲ. ಎಷ್ಟೋ ಸಲ ಅರ್ಧ ಕುರ್ಚಿ ಖಾಲಿ, ಯಾಕೆಂದರೆ ಯಾರಿಗೂ ಗೊತ್ತಿಲ್ಲ. ಬಸವನಗುಡಿಯಲ್ಲಿ ವರ್ಲ್ಡ್ ಕಲ್ಚರ್ ಸಂಸ್ಥೆ, ಡಿವಿಜಿಯವರು ಕಟ್ಟಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಇವೆ, ಎರಡೂ 1945ರಲ್ಲಿ ಹುಟ್ಟಿದವು. ಇವತ್ತಿಗೂ ಉಪನ್ಯಾಸ, ಸಂಗೀತ ಕೇಳಲು ಸುಮ್ನೆ ಒಳಗೆ ಹೋಗಿ ಕೂರಬಹುದು, ಯಾರೂ ಯಾಕೆ ಬಂದಿರಿ ಅಂತ ಕೇಳಲ್ಲ. ಕಬ್ಬನ್ ಪಾರ್ಕಿನಲ್ಲಿ ಶನಿವಾರ ಬೆಳಿಗ್ಗೆ ಒಂದಷ್ಟು ಜನ ಚಾಪೆ ಹಾಸಿಕೊಂಡು ಮಾತಿಲ್ಲದೆ ಪುಸ್ತಕ ಓದುತ್ತಾರೆ, 2023ರಿಂದ ನಡೆಯುತ್ತಿದೆ. ಕನ್ನಡ ಪುಸ್ತಕ ಹಿಡಿದು ಹೋಗಿ ಕೂತರೂ ಆಯಿತು. ಭಾನುವಾರ ಆ ಪಾರ್ಕಿನ ಒಳರಸ್ತೆಗಳಿಗೆ ವಾಹನ ಬಿಡದ ಕಾರಣ ಮಕ್ಕಳಿಗೆ ಸೈಕಲ್ ಕಲಿಸಲು ಈ ಊರಲ್ಲಿ ಅದಕ್ಕಿಂತ ಒಳ್ಳೆಯ ಜಾಗ ನನಗೆ ಕಂಡಿಲ್ಲ. ಅಲ್ಲೇ ಪಕ್ಕದ ಕಸ್ತೂರಬಾ ರಸ್ತೆಯಲ್ಲಿ ವಿಶ್ವೇಶ್ವರಯ್ಯ ಮ್ಯೂಸಿಯಂ. ಟಿಕೆಟ್ ಇದೆ, ಆದರೆ ಒಳಗೆ ಬಿಟ್ಟರೆ ಮಧ್ಯಾಹ್ನದ ತನಕ ಮಕ್ಕಳು ಹೊರಗೆ ಬರಲ್ಲ. ರೈಟ್ ಸಹೋದರರ ವಿಮಾನದ ಅಷ್ಟೇ ದೊಡ್ಡ ಮಾದರಿ ಇದೆ ಅಲ್ಲಿ. ನೆಹರೂ ತಾರಾಲಯದಲ್ಲಿ ಕನ್ನಡದಲ್ಲೂ ಪ್ರದರ್ಶನ ಇದೆ, ಸಮಯ ಬೇರೆ. ಸೋಮವಾರ ಬಾಗಿಲು ಹಾಕಿರುತ್ತದೆ. ಈ ಎರಡು ಸಾಲು ನಿಮ್ಮ ಪತ್ರಿಕೆಯಲ್ಲಿ ಡಿಸೆಂಬರಿನಲ್ಲಿ ಬಂದರೆ ಎಷ್ಟೋ ಮನೆಯವರು ಮುಚ್ಚಿದ ಗೇಟು ನೋಡಿ ವಾಪಸ್ ಬರುವುದು ತಪ್ಪುತ್ತದೆ.

ಏನೂ ಖರ್ಚಿಲ್ಲದ್ದು ಇನ್ನೊಂದಿದೆ. ಡಿಸೆಂಬರ್ 13, 14ರ ರಾತ್ರಿ ಮಿಥುನ ರಾಶಿಯ ಕಡೆಯಿಂದ ಉಲ್ಕೆಗಳು ಬೀಳುತ್ತವೆ, ಜೆಮಿನಿಡ್ಸ್ ಅನ್ನುತ್ತಾರೆ. ಹತ್ತು ಗಂಟೆಯ ಮೇಲೆ ತಾರಸಿ ಹತ್ತಿ, ಸ್ವೆಟರ್ ಹಾಕಿಕೊಂಡು, ಮಲಗಿ ನೋಡಬೇಕು. ಊರಿನ ಬೆಳಕಿಗೆ ಸಣ್ಣವು ಕಾಣಲ್ಲ, ದೊಡ್ಡವು ಕಾಣುತ್ತವೆ. ಮೋಡ ಇದ್ದರೆ ನಿದ್ದೆ ಮಾಡಿ. ಚಳಿಗೆ ಹೆದರಬೇಡಿ, ಈ ಊರಿನ ದಾಖಲೆಯ ಚಳಿ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಈಗಿನದ್ದು ಸ್ವೆಟರ್ ಮಾರುವವರಿಗೂ ಸಾಲದು.

ಹೋಗಿ ಬರುವ ಖರ್ಚಿನ ಮಾತು ಬಿಡುವ ಹಾಗಿಲ್ಲ, ಎಷ್ಟೋ ಸಲ ಕಾರ್ಯಕ್ರಮ ಬಿಟ್ಟಿ, ದಾರಿ ದುಬಾರಿ. 2025ರ ಫೆಬ್ರುವರಿಯಲ್ಲಿ ಮೆಟ್ರೊ ದರ ಏರಿಸಿ ಕನಿಷ್ಠ 10, ಗರಿಷ್ಠ 90 ರೂಪಾಯಿ ಮಾಡಿದರು. ಮೂರು ಅಡಿ ಎತ್ತರ ದಾಟಿದ ಮಗುವಿಗೂ ಪೂರ್ತಿ ಟಿಕೆಟ್, ಅರ್ಧ ಟಿಕೆಟ್ ಅನ್ನುವುದೇ ಇಲ್ಲ. ಇಬ್ಬರು ಮಕ್ಕಳಿರುವ ಮನೆಯವರು ಊರಿನ ತುದಿಯಿಂದ ಹೋಗಿ ಬರಬೇಕಾದರೆ ಲೆಕ್ಕ ನೀವೇ ಹಾಕಿ. ಬಸ್ಸಿನಲ್ಲಿ ಹೋದರೆ ಶಕ್ತಿ ಯೋಜನೆಯಿಂದ ಹೆಂಗಸರಿಗೆ, ಹೆಣ್ಣುಮಕ್ಕಳಿಗೆ ಬಿಟ್ಟಿ, ಗಂಡಸರು ಸಾಮಾನ್ಯ ಬಸ್ಸಿನ 80 ರೂಪಾಯಿ ದಿನದ ಪಾಸ್ ತೆಗೆದುಕೊಂಡರೆ ದಿನವಿಡೀ ಸುತ್ತಬಹುದು. ಸಮಯ ಹಿಡಿಯುತ್ತದೆ, ರಜೆಯಲ್ಲಿ ಅದು ಹೇಗೂ ಇರುತ್ತದೆ. ಡಿಸೆಂಬರ್ 24ರಿಂದ ಜನವರಿ 1ರವರೆಗೆ ಮಕ್ಕಳಿಗೆ ಮೆಟ್ರೊದಲ್ಲಿ ಅರ್ಧ ಟಿಕೆಟ್ ಮಾಡಿದರೆ ನಿಗಮ ಮುಳುಗಿ ಹೋಗಲ್ಲ.

ಇನ್ನೊಂದು ವಿಷಯ ಗಮನಿಸಿದಿರಾ? ನಾನು ಮೇಲೆ ಹೇಳಿದ ಜಾಗಗಳೆಲ್ಲ ಬಸವನಗುಡಿ, ಕಬ್ಬನ್ ಪಾರ್ಕ್, ಜೆ.ಸಿ. ರಸ್ತೆಯ ಆಸುಪಾಸು. ಊರು ನಾಲ್ಕೂ ದಿಕ್ಕಿಗೆ ಬೆಳೆದಿದೆ, ಹಬ್ಬ ಮಾತ್ರ ಹಳೇ ಊರಿನಲ್ಲೇ ಕೂತಿದೆ. ಪೀಣ್ಯ, ಹೆಗ್ಗನಹಳ್ಳಿ, ಬೊಮ್ಮನಹಳ್ಳಿ, ಕೆ.ಆರ್. ಪುರದ ಮಕ್ಕಳಿಗೆ ಮನೆ ಹತ್ತಿರ ಏನಿದೆ? ಇರುವುದು ಒಂದು ಶಾಖಾ ಗ್ರಂಥಾಲಯ. ಎರಡು ಕೋಣೆ, ಒಂದು ಉದ್ದ ಮೇಜು, ಅದರ ಸುತ್ತ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರು, ಮೂಲೆಯ ಬೀರುವಿನಲ್ಲಿ ಬೀಗ ಹಾಕಿದ ಮಕ್ಕಳ ಪುಸ್ತಕ. ಬೀಗದ ಕೈ ಇರುವವರು ರಜೆಯಲ್ಲಿರುತ್ತಾರೆ. ಆಸ್ತಿ ತೆರಿಗೆಯ ಜೊತೆಗೆ ನೂರಕ್ಕೆ 6ರಂತೆ ಗ್ರಂಥಾಲಯ ಕರ ಕಟ್ಟುತ್ತೇವೆ, 1965ರ ಕಾಯ್ದೆ ಅದು. ಬಾಡಿಗೆ ಮನೆಯವರೂ ಬಾಡಿಗೆಯಲ್ಲಿ ಕಟ್ಟಿದ ಹಾಗೆಯೇ. ಆ ದುಡ್ಡಿನಲ್ಲಿ ಕ್ರಿಸ್ಮಸ್ ವಾರ ಬೀರು ತೆಗೆದಿಟ್ಟು, ಮಧ್ಯಾಹ್ನ ಮೂರಕ್ಕೆ ಯಾರಾದರೂ ನಿವೃತ್ತ ಮೇಷ್ಟ್ರನ್ನು ಕರೆದು ಕತೆ ಹೇಳಿಸಲು ಆಗಲ್ವಾ? ಚದುರಂಗದ ಮಣೆ ನಾಲ್ಕು, ಬಣ್ಣದ ಪೆನ್ಸಿಲ್ ಹತ್ತು ಡಬ್ಬ. ಇದಕ್ಕೆ ಟೆಂಡರ್ ಬೇಡ. 2025ರ ಸೆಪ್ಟೆಂಬರಿನಲ್ಲಿ ಒಂದು ಪಾಲಿಕೆ ಹೋಗಿ ಐದು ಆದವು, ಆಡಳಿತ ಮನೆ ಬಾಗಿಲಿಗೆ ಬರುತ್ತದೆ ಅಂದರು. ಮೊದಲು ಗ್ರಂಥಾಲಯದ ಬಾಗಿಲಿಗೆ ಬರಲಿ.

ಸರ್ಕಾರಿ ಶಾಲೆಯ ಮಕ್ಕಳ ಮಾತೂ ಬರಬೇಕು. ಅವರಿಗೆ ಅಕ್ಟೋಬರಿನ ದಸರಾ ರಜೆಯೇ ದೊಡ್ಡದು, ಡಿಸೆಂಬರಿನಲ್ಲಿ ಸಿಗುವುದು 25ನೇ ತಾರೀಕು ಮತ್ತು ಭಾನುವಾರ. ಹಾಗಾಗಿ ಮಕ್ಕಳ ಕಾರ್ಯಕ್ರಮಗಳನ್ನು ವಾರದ ನಡುವೆ ಇಟ್ಟು 'ರಜೆ ವಿಶೇಷ' ಅಂದರೆ ಅವರು ಹೊರಗೇ ಉಳಿಯುತ್ತಾರೆ.

ಈಗ ನಿಮ್ಮ ಕೆಲಸ. ಪ್ರತಿ ಗುರುವಾರ ಅರ್ಧ ಪುಟ ಕೊಡಿ, ಡಿಸೆಂಬರ್ ಮತ್ತು ಜನವರಿ ಸಾಕು. ಮುಂದಿನ ಶನಿವಾರ, ಭಾನುವಾರದ್ದು ಮಾತ್ರ ಹಾಕಿ. ಮುಖ್ಯ ಅತಿಥಿಗಳ ಹೆಸರು ತೆಗೆಯಿರಿ, ಆ ಜಾಗದಲ್ಲಿ ಟಿಕೆಟ್ ಎಷ್ಟು, ಮಕ್ಕಳಿಗೆ ಎಷ್ಟು, ಹತ್ತಿರದ ಮೆಟ್ರೊ ಯಾವುದು, ಯಾವ ನಂಬರ್ ಬಸ್ಸು, ಶೌಚಾಲಯ ಇದೆಯೋ ಇಲ್ಲವೋ ಬರೆಯಿರಿ. ಕೊನೆಯದನ್ನು ಓದಿ ನಗಬೇಡಿ, ಅಜ್ಜಿಯನ್ನೂ ಮಕ್ಕಳನ್ನೂ ಕರೆದುಕೊಂಡು ಹೋಗುವವರನ್ನು ಕೇಳಿ. ಮೊದಲೇ ಹೆಸರು ನೋಂದಾಯಿಸಬೇಕಾ ಅಂತಲೂ ಹಾಕಿ. ಹೋದ ವರ್ಷ ಒಂದು ಕಡೆ ಬ್ಯಾನರ್ ಮೇಲೆ 'ಪ್ರವೇಶ ಉಚಿತ' ಅಂತ ಆಳೆತ್ತರದ ಅಕ್ಷರ, ಗೇಟಿನಲ್ಲಿ ನಿಂತ ಹುಡುಗ ಮಾತ್ರ ಫೋನಿನಲ್ಲಿ ಬಂದ ಕೋಡ್ ತೋರಿಸಿ ಅಂದ. ಕೋಡ್ ಇಂಗ್ಲಿಷ್ ವೆಬ್‌ಸೈಟಿನಲ್ಲಿ ಸಿಗುತ್ತದಂತೆ, ಅದೂ ಎರಡು ದಿನ ಮೊದಲೇ ಮುಗಿದಿತ್ತಂತೆ. ನಮ್ಮ ಹಿಂದೆ ನಿಂತಿದ್ದ ಒಂದು ದೊಡ್ಡ ಕುಟುಂಬ, ತಿಂಡಿ ಡಬ್ಬಿ ಸಮೇತ ಬಂದವರು, ಹಾಗೇ ತಿರುಗಿ ಬಸ್ ಸ್ಟಾಪಿಗೆ ಹೋದರು.

ಅರ್ಧ ಪುಟ ಜಾಸ್ತಿ ಆಯಿತು ಅಂದರೆ, ಹೊಸ ವರ್ಷದ ಶುಭಾಶಯ ಕೋರುವ ಮುಖಂಡರ ಫೋಟೊಗಳಲ್ಲಿ ಒಂದೆರಡನ್ನು ಚಿಕ್ಕದು ಮಾಡಿ. ಪಟ್ಟಿಗೆ ಮಾಹಿತಿ ಬೇಕಿದ್ದರೆ ಓದುಗರನ್ನೇ ಕೇಳಿ, ನಮ್ಮ ಕಡೆಯ ಕೆರೆ ಅಂಗಳದಲ್ಲಿ, ಗುಡಿಯಲ್ಲಿ, ಶಾಲೆ ಮೈದಾನದಲ್ಲಿ ನಡೆಯುವುದನ್ನು ನಾವೇ ಕಳಿಸುತ್ತೇವೆ. ಬುಧವಾರ ಸಂಜೆಯೊಳಗೆ ಕಳಿಸಬೇಕು ಅಂತ ಒಂದು ಸಾಲು ಹಾಕಿದರೆ ಸಾಕು.

ಇಂತಿ ನಿಮ್ಮ ಓದುಗ,
ದಾಸರಹಳ್ಳಿ, ಬೆಂಗಳೂರು