ನಿನ್ನ ವಯಸ್ಸಿನ ಬೆಳಕು

ಪ್ರೀತಿಯ ಪುಟ್ಟಿ,

ಆಕಾಶದಲ್ಲಿ ಕಾಣುವ ನಕ್ಷತ್ರಗಳೆಲ್ಲ ಯಾವತ್ತೋ ಸತ್ತುಹೋಗಿವೆಯಂತೆ ಅಂತ ಮೊನ್ನೆ ಫೋನಿನಲ್ಲಿ ಬೇಜಾರು ಮಾಡಿಕೊಂಡೆಯಲ್ಲ, ಅದು ನಿಜ ಅಲ್ಲ ಕಣೇ. ಬರಿಗಣ್ಣಿಗೆ ಕಾಣುವ ನಕ್ಷತ್ರಗಳು ಹೆಚ್ಚೆಂದರೆ ಕೆಲವು ಸಾವಿರ ಜ್ಯೋತಿರ್ವರ್ಷ ದೂರದವು. ಬೆಳಕು ಒಂದು ವರ್ಷದಲ್ಲಿ ಓಡುವ ದೂರವೇ ಒಂದು ಜ್ಯೋತಿರ್ವರ್ಷ, ಅಂದರೆ ನಾವು ನೋಡುವ ಬೆಳಕು ಹೆಚ್ಚೆಂದರೆ ಕೆಲವು ಸಾವಿರ ವರ್ಷ ಹಳೆಯದು. ನಕ್ಷತ್ರದ ಆಯಸ್ಸೋ, ಕಡಿಮೆ ಅಂದರೂ ಹತ್ತಾರು ಲಕ್ಷ ವರ್ಷ. ಹಾಗಾಗಿ ಹೆಚ್ಚುಕಮ್ಮಿ ಎಲ್ಲವೂ ಈಗಲೂ ಉರಿಯುತ್ತಿವೆ.

ಸತ್ತ ಮೇಲೆ ಸುದ್ದಿ ಬಂದದ್ದೂ ಉಂಟು. 1987ರ ಫೆಬ್ರವರಿಯಲ್ಲಿ ದಕ್ಷಿಣದ ಆಕಾಶದಲ್ಲಿ ಒಂದು ನಕ್ಷತ್ರ ಸಿಡಿದದ್ದು ಬರಿಗಣ್ಣಿಗೇ ಕಂಡಿತು. ಅದು ನಿಜವಾಗಿ ಸಿಡಿದದ್ದು ಸುಮಾರು 1.6 ಲಕ್ಷ ವರ್ಷ ಮೊದಲು! ಬೆಳಕು ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್ ಓಡಿದರೂ ಅಷ್ಟು ಕಾಲ ಬೇಕಾಯಿತು.

ಟೆಲಿಸ್ಕೋಪ್ ಹಿಂದಿನ ಕಾಲಕ್ಕೆ ಹೋಗುವ ಯಂತ್ರವೇ ಅಂತಲೂ ನೀನು ಕೇಳಿದೆಯಲ್ಲ. ಅದು ಎಲ್ಲಿಗೂ ಹೋಗುವುದಿಲ್ಲ. ಮಳೆಗೆ ಹಂಡೆ ಇಟ್ಟ ಹಾಗೆ, ತಾನಾಗಿ ಬಂದ ಬೆಳಕನ್ನು ತುಂಬಿಕೊಳ್ಳುತ್ತದೆ. ಕನ್ನಡಿ ಅಗಲವಾದಷ್ಟೂ ಜಾಸ್ತಿ ಬೆಳಕು ಸಿಗುತ್ತದೆ, ಇನ್ನೂ ಮಸುಕಾದದ್ದು, ಇನ್ನೂ ದೂರದ್ದು ಕಾಣುತ್ತದೆ. ದೂರದ್ದು ಅಂದರೆ ಹಳೆಯದು. ಭೂಮಿಯಿಂದ 15 ಲಕ್ಷ ಕಿಲೋಮೀಟರ್ ಆಚೆ ಇರುವ ಜೇಮ್ಸ್ ವೆಬ್ ಟೆಲಿಸ್ಕೋಪಿನ ಕನ್ನಡಿ 6.5 ಮೀಟರ್ ಅಗಲ. 1300 ಕೋಟಿ ವರ್ಷಕ್ಕೂ ಹಿಂದೆ ಹೊರಟ ಬೆಳಕನ್ನು ಅದು ಹಿಡಿದಿದೆ. ಬೆಳಕು ದಾರಿಯಲ್ಲಿರುವಾಗಲೇ ವಿಶ್ವ ಹಿಗ್ಗುತ್ತಾ ಹೋಗಿ, ಅದರ ಅಲೆಯೂ ಉದ್ದವಾಗಿ, ಕಣ್ಣಿಗೆ ಕಾಣದ ಅವಕೆಂಪು ಕಿರಣ ಆಗಿಬಿಟ್ಟಿರುತ್ತದೆ. ಅದನ್ನು ಹಿಡಿಯಲೆಂದೇ ವೆಬ್ ಕಟ್ಟಿದ್ದು. ವಿಶ್ವಕ್ಕೆ ಈಗ ಸುಮಾರು 1380 ಕೋಟಿ ವರ್ಷ ಅನ್ನುವುದು ನೆನಪಿದ್ದರೆ, ಅದು ಎಷ್ಟು ಎಳೆಯ ವಿಶ್ವವನ್ನು ನೋಡುತ್ತಿದೆ ಅಂತ ಗೊತ್ತಾಗುತ್ತದೆ. ನನಗಂತೂ ಇದನ್ನು ಓದುವಾಗೆಲ್ಲ ಮೈ ಜುಮ್ಮೆನ್ನುತ್ತದೆ.

ಎಲ್ಲವೂ ಬೇರೆ ದೇಶದವರದ್ದೇ ಅಂದುಕೊಳ್ಳಬೇಡ. ಲಡಾಖಿನ ಹಾನ್ಲೆಯಲ್ಲಿರುವ 2 ಮೀಟರಿನ ಟೆಲಿಸ್ಕೋಪನ್ನು ನಮ್ಮ ಹೊಸಕೋಟೆಯಲ್ಲಿ ಕೂತೇ ನಡೆಸುತ್ತಾರೆ.

ನಿನಗೆ ಟೆಲಿಸ್ಕೋಪ್ ಬೇಕಾಗಿಯೇ ಇಲ್ಲ. ಶ್ರವಣ ನಕ್ಷತ್ರ ಸುಮಾರು 17 ಜ್ಯೋತಿರ್ವರ್ಷ ದೂರದಲ್ಲಿದೆ. ನಿನಗೂ ಈಗ ಹದಿನೇಳು, ಅಲ್ವಾ? ನೀನು ಹುಟ್ಟಿದ ಹೊತ್ತಿಗೆ ಅಲ್ಲಿಂದ ಹೊರಟ ಬೆಳಕು ಈಗ ಬಂದು ಮುಟ್ಟುತ್ತಿದೆ. ಅಕ್ಟೋಬರ್ ಮೊದಲ ವಾರ ರಾತ್ರಿ 8ರ ಸುಮಾರಿಗೆ ಹಾಸ್ಟೆಲ್ ತಾರಸಿಗೆ ಹೋಗು. ಹೆಚ್ಚುಕಮ್ಮಿ ನೆತ್ತಿಯ ಮೇಲೆ ಮೂರು ನಕ್ಷತ್ರ ಒಂದೇ ಸಾಲಿನಲ್ಲಿರುತ್ತವೆ, ನಡುವಿನದು ಜಾಸ್ತಿ ಹೊಳೆಯುತ್ತದೆ. ಅದೇ ಶ್ರವಣ. ಮೋಡ ಇದ್ದರೆ ಮಾರನೇ ದಿನ ನೋಡು, ಕಂಡ ಕೂಡಲೇ ಫೋನ್ ಮಾಡು.

ನಿನ್ನ
ಅಮ್ಮ