ಸವೆದ ಬಾಲ್ ಜಾಯಿಂಟ್ ನೋಡದೆ ‘ಓಕೆ’ ಎಂದು ಬರೆದು ಕಾರು ಕೊಟ್ಟ ಬಗ್ಗೆ ದೂರು

ಸರ್ವಿಸ್ ಮ್ಯಾನೇಜರ್ ಅವರಿಗೆ,

ನಮಸ್ಕಾರ.

‘ನಿಮ್ಮ ದೂರು ತೃಪ್ತಿಕರವಾಗಿ ಬಗೆಹರಿದಿದೆ’ ಎಂಬ ಮೆಸೇಜ್ ನಿನ್ನೆ ನಿಮ್ಮ ಕಡೆಯಿಂದ ಬಂತು. ತೃಪ್ತಿಯಾಗಿದ್ದು ಯಾರಿಗೆ? ನನ್ನನ್ನಂತೂ ಯಾರೂ ಕೇಳಲಿಲ್ಲ. ಇಷ್ಟು ದಿನ ಫೋನ್ ಮಾಡಿದಾಗಲೆಲ್ಲ ‘ನೋಡಿ ಹೇಳ್ತೀವಿ ಮೇಡಂ’ ಎಂದಿರಿ. ಇನ್ನು ಫೋನ್ ಮಾಡುವುದಿಲ್ಲ. ಅದಕ್ಕೇ ಈ ಪತ್ರ.

ಮುಂದಿನ ಎಡ ಚಕ್ರದ ಹತ್ತಿರ ಕಟಕಟ ಸದ್ದು ಬರುತ್ತಿತ್ತು. ಹಂಪ್ ಹತ್ತಿ ಇಳಿಯುವಾಗ, ಗುಂಡಿಗೆ ಬಿದ್ದಾಗ, ಕಾರು ನಿಲ್ಲಿಸಲು ಸ್ಟೇರಿಂಗ್ ಪೂರ್ತಿ ತಿರುಗಿಸುವಾಗ ಜಾಸ್ತಿ. ನೇರ ರಸ್ತೆಯಲ್ಲೂ ಕಾರು ಆಚೆ ಈಚೆ ಎಳೆಯುತ್ತಿತ್ತು. ಆ ಟೈರಿನ ಒಳ ಅಂಚು ನುಣ್ಣಗೆ ಸವೆದಿತ್ತು, ಹೊರ ಅಂಚು ಚೆನ್ನಾಗೇ ಇತ್ತು. ಇದನ್ನೆಲ್ಲ ನಿಮ್ಮ ಅಡ್ವೈಸರ್‌ಗೆ ಹೇಳಿ ಜಾಬ್ ಕಾರ್ಡ್‌ನಲ್ಲೂ ಬರೆಸಿದ್ದೆ. ನಾವಿರುವುದು ಮೂಡಿಗೆರೆ ಕಡೆ, ಮಗಳು ಓದುವುದು ಮಂಗಳೂರಿನಲ್ಲಿ, ಚಾರ್ಮಾಡಿ ಘಾಟಿ ಇಳಿದೇ ಹೋಗಬೇಕು ಎಂದೂ ಹೇಳಿದ್ದೆ.

ಟೆಸ್ಟ್ ಡ್ರೈವ್ ಅಂತ ಅವರು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಶೋರೂಂ ಮುಂದಿನ ರಸ್ತೆಯಲ್ಲಿ ಹೋಗಿ ಬಂದರು. ಹೊಸದಾಗಿ ಡಾಂಬರು ಹಾಕಿದ, ಒಂದೂ ಹಂಪ್ ಇಲ್ಲದ ರಸ್ತೆ. ‘ಎಲ್ಲಿ ಮೇಡಂ ಸೌಂಡು?’ ಎಂದರು. ಹಂಪ್ ಇರುವ ಕಡೆ ಹೋಗೋಣ ಎಂದೆ. ‘ಹಂಪ್ ಹತ್ಸಿದ್ರೆ ಎಲ್ಲಾ ಗಾಡೀನೂ ಸೌಂಡ್ ಮಾಡುತ್ತೆ’ ಎಂದರು.

ವಾಪಸ್ ಬಂದ ಮೇಲೆ, ಕೌಂಟರಿನಲ್ಲಿ ಕಾಯುತ್ತಿದ್ದ ಅಷ್ಟೂ ಜನರ ಎದುರು, ‘ಗ್ಲಾಸ್ ಏರಿಸ್ಕೊಂಡು ಹಾಡು ಹಾಕ್ಕೊಳ್ಳಿ ಮೇಡಂ, ಏನೂ ಕೇಳ್ಸಲ್ಲ’ ಎಂದರು. ಹಿಂದೆ ಯಾರೋ ನಕ್ಕರು. ಬಾಲ್ ಜಾಯಿಂಟ್, ಅಂದರೆ ಚಕ್ರದ ಭಾಗವನ್ನು ಕೆಳಗಿನ ಆರ್ಮಿಗೆ ಸೇರಿಸುವ ಗುಂಡಿನ ಕೀಲು, ಒಮ್ಮೆ ನೋಡ್ತೀರಾ ಎಂದು ಕೇಳಿದೆ. ಅವರು ಪೆನ್ನು ಕೆಳಗಿಟ್ಟು ನನ್ನನ್ನು ನೋಡಿದರು. ‘ಯೂಟ್ಯೂಬ್ ನೋಡ್ಕೊಂಡು ಬಂದಿದೀರಾ? ಒಂದು ಕೆಲ್ಸ ಮಾಡಿ, ಯಜಮಾನ್ರನ್ನ ಕಳ್ಸಿ. ಅವರಿಗೆ ಹೇಳ್ತೀನಿ. ನಿಮಗೆ ಹೇಳಿದ್ರೆ ಅರ್ಥ ಆಗಲ್ಲ.’ ಕಾರು ನನ್ನ ಹೆಸರಿನಲ್ಲಿದೆ, ಓಡಿಸುವವಳು ನಾನು, ಯಜಮಾನರಿಗೆ ಡ್ರೈವಿಂಗೇ ಬರುವುದಿಲ್ಲ ಎಂದೆ. ‘ಹಾಗಾದ್ರೆ ಅಣ್ಣನೋ ತಮ್ಮನೋ ಯಾರಾದ್ರೂ ಇದ್ದಾರಾ?’ ಎಂದರು. ನೀವು ಪಕ್ಕದ ಗಾಜಿನ ಕ್ಯಾಬಿನ್ನಿನಲ್ಲೇ ಇದ್ದಿರಿ. ಒಮ್ಮೆ ತಲೆ ಎತ್ತಿ ನೋಡಿದಿರಿ, ಮತ್ತೆ ಕಂಪ್ಯೂಟರ್ ಕಡೆ ತಿರುಗಿದಿರಿ.

ಆ ಹೊತ್ತು ಪೂರ್ತಿ ನಾನು ವರ್ಕ್‌ಶಾಪ್ ಕಡೆಯೇ ನೋಡುತ್ತಾ ಕೂತಿದ್ದೆ. ಕಾರು ಚಕ್ರಗಳ ಕೋನ ಸರಿಪಡಿಸುವ ಅಲೈನ್‌ಮೆಂಟ್ ಮಾಡುವಲ್ಲಿ ಹತ್ತಿತು, ಇಳಿಯಿತು, ಅಷ್ಟೇ. ಚಕ್ರ ಎತ್ತಿ ಕೈಯಲ್ಲಿ ಹಿಡಿದು ಅಲ್ಲಾಡಿಸಿದವರು ಒಬ್ಬರೂ ಇಲ್ಲ. ಆದರೂ ‘ಅಂಡರ್ ಚಾಸಿಸ್ ಓಕೆ’ ಎಂದು ಟಿಕ್ ಹಾಕಿ, ಸಹಿ ಮಾಡಿ ಕೊಟ್ಟಿರಿ. ಅಲೈನ್‌ಮೆಂಟಿಗೆ ಬಿಲ್ಲನ್ನೂ ಹಾಕಿದಿರಿ. ಜಾಯಿಂಟ್ ಸಡಿಲ ಇದ್ದಾಗ ಮಾಡಿದ ಅಲೈನ್‌ಮೆಂಟ್ ನಿಲ್ಲುವುದಿಲ್ಲ ಎಂದು ನಾನು ನಿಮಗೆ ಹೇಳಿಕೊಡಬೇಕಾ?

ಕೊನೆಗೆ ನಮ್ಮೂರಿನ ಮೆಕ್ಯಾನಿಕ್ ಹತ್ತಿರ ಹೋದೆ. ಅವರು ಕಾರಿಗೆ ಜಾಕ್ ಕೊಟ್ಟು ಚಕ್ರ ನೆಲ ಬಿಡುವಂತೆ ಎತ್ತಿದರು. ಒಂದು ಕೈ ಚಕ್ರದ ಮೇಲೆ, ಒಂದು ಕೈ ಕೆಳಗೆ ಇಟ್ಟು ಅಲ್ಲಾಡಿಸಿದರು. ಟಕ್ ಟಕ್ ಎಂದಿತು. ಬೇರಿಂಗ್ ಇರಬಹುದು ಅಂತ ನನ್ನನ್ನು ಒಳಗೆ ಕೂರಿಸಿ ಬ್ರೇಕ್ ಒತ್ತಿ ಹಿಡಿಯಲು ಹೇಳಿದರು. ಬ್ರೇಕ್ ಒತ್ತಿದಾಗ ಅಲ್ಲಾಟ ನಿಂತರೆ ಬೇರಿಂಗ್, ನಿಲ್ಲದಿದ್ದರೆ ಜಾಯಿಂಟ್. ನಿಲ್ಲಲಿಲ್ಲ. ಆಮೇಲೆ ಚಕ್ರವನ್ನು ಕೆಳಗಿನಿಂದ ಹಿಡಿದಿರುವ ಲೋವರ್ ಆರ್ಮ್ ಸಂದಿಯಲ್ಲಿ ಒಂದು ರಾಡ್ ಹಾಕಿ ಮೀಟಿದರು. ಜಾಯಿಂಟ್ ಮೇಲೆ ಕೆಳಗೆ ಆಡುವುದು ನನ್ನ ಕಣ್ಣಿಗೇ ಕಂಡಿತು. ಮೇಲಿನ ರಬ್ಬರ್ ಬೂಟ್ ಹರಿದು, ಗ್ರೀಸ್ ಇರಬೇಕಾದ ಜಾಗದಲ್ಲಿ ಕೆಂಪು ಮಣ್ಣು ಮೆತ್ತಿಕೊಂಡಿತ್ತು. ನೋಡುವುದಕ್ಕೆ ಹತ್ತು ನಿಮಿಷವೂ ಹಿಡಿಯಲಿಲ್ಲ.

ನನ್ನ ಕಾರಿನಲ್ಲಿ ಬಾಲ್ ಜಾಯಿಂಟ್ ಲೋವರ್ ಆರ್ಮಿಗೇ ಸೇರಿ ಬರುತ್ತದೆ. ಹಾಗಾಗಿ ಪೂರಾ ಆರ್ಮ್ ಬದಲಿಸಿದರು. ಹೊಸ ನಟ್ ಹಾಕಿ ಟಾರ್ಕ್ ರೆಂಚಿನಲ್ಲಿ ಬಿಗಿ ಮಾಡಿದರು. ಆರ್ಮಿನ ಇನ್ನೊಂದು ತುದಿಯ ರಬ್ಬರ್ ಬುಷ್ ಬೋಲ್ಟನ್ನು ಕಾರು ನೆಲಕ್ಕಿಳಿದು ಭಾರ ಬಿದ್ದ ಮೇಲೆಯೇ ಪೂರ್ತಿ ಬಿಗಿ ಮಾಡಿದರು, ಇಲ್ಲದಿದ್ದರೆ ರಬ್ಬರ್ ಬೇಗ ಹರಿಯುತ್ತದಂತೆ. ಬಲಗಡೆಯದನ್ನೂ ಹಾಗೇ ಪರೀಕ್ಷೆ ಮಾಡಿ, ಅದು ಗಟ್ಟಿ ಇದೆ ಎಂದು ಹಾಗೇ ಬಿಟ್ಟರು. ಆಮೇಲೆ ಹೊಸದಾಗಿ ಅಲೈನ್‌ಮೆಂಟ್ ಮಾಡಿಸಿದೆ. ಸದ್ದು ಹೋಯಿತು.

ಆ ಜಾಯಿಂಟಿನ ಗುಂಡು ತನ್ನ ಗೂಡಿನಿಂದ ಕಿತ್ತು ಬಂದರೆ ಚಕ್ರ ಹೊರಕ್ಕೆ ಮಗುಚಿ ಕಾರು ನೆಲಕ್ಕೆ ಕೂರುತ್ತದೆ, ಸ್ಟೇರಿಂಗ್ ಕೆಲಸಕ್ಕೆ ಬರುವುದಿಲ್ಲ. ಚಾರ್ಮಾಡಿ ತಿರುವಿನಲ್ಲಿ, ಒಂದು ಕಡೆ ಬಂಡೆ, ಇನ್ನೊಂದು ಕಡೆ ಕಮರಿ, ಮಳೆ, ಮಂಜು, ಎದುರಿಗೆ ಬಸ್ಸು. ನೀವು ಓಕೆ ಎಂದು ಸಹಿ ಮಾಡಿದ ಕಾರಿನಲ್ಲಿ ನನ್ನ ಮಗಳನ್ನು ಕೂರಿಸಿಕೊಂಡು ಆ ಘಾಟಿ ಇಳಿದು ಹತ್ತಿದ್ದೇನೆ. ಇದನ್ನು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಇಷ್ಟಾದ ಮೇಲೆ ನಿಮ್ಮ ಕಸ್ಟಮರ್ ಕೇರ್ ಹೇಳಿದ್ದು, ‘ಹೊರಗೆ ಕೆಲಸ ಮಾಡಿಸಿದ್ದೀರಿ, ಇನ್ನು ನಮ್ಮ ಜವಾಬ್ದಾರಿ ಇಲ್ಲ.’ ಒಳಗೆ ಮಾಡಿ ಅಂತ ಅಂಗಲಾಚಿದಾಗ ಮಾಡಲಿಲ್ಲ, ಅಲ್ವಾ?

ಅಲೈನ್‌ಮೆಂಟಿನ ಹಣ, ಹಾಳಾದ ಟೈರಿನ ಬೆಲೆ ವಾಪಸ್ ಬರಬೇಕು. ಆ ಟಿಕ್ ಹಾಕಿದವರು ಯಾವ ಪರೀಕ್ಷೆ ಮಾಡಿ ಹಾಕಿದರು ಎಂದು ಲಿಖಿತವಾಗಿ ತಿಳಿಸಬೇಕು. ಕೌಂಟರಿನಲ್ಲಿ ಆಡಿದ ಮಾತಿಗೆ ಕ್ಷಮೆ ಕೇಳಬೇಕು. ಈ ಪತ್ರ ತಲುಪಿದ 15 ದಿನದೊಳಗೆ.

ಬರದಿದ್ದರೆ ಗ್ರಾಹಕರ ಸಹಾಯವಾಣಿ 1915ಕ್ಕೆ ಕರೆ ಮಾಡಿ ಸುಮ್ಮನಾಗುವವಳಲ್ಲ ನಾನು. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಪ್ರಕಾರ ಇದು ಸೇವೆಯಲ್ಲಿನ ಕೊರತೆ. ದೂರು ಕೊಡಲು ನಿಮ್ಮ ಊರಿಗೆ ಬರಬೇಕಾಗಿಲ್ಲ, ನಾನಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ಕೊಡಬಹುದು. ಇಷ್ಟು ಮೊತ್ತಕ್ಕೆ ಶುಲ್ಕವೂ ಇಲ್ಲ, ವಕೀಲರೂ ಬೇಕಿಲ್ಲ. ಅರ್ಜಿಯಲ್ಲಿ ನಿಮ್ಮ ಕಂಪನಿಯ ಜೊತೆ ನಿಮ್ಮ ಹೆಸರೂ ಇರುತ್ತದೆ. ಕಳಚಿದ ಹಳೇ ಆರ್ಮ್, ಸವೆದ ಟೈರ್, ನಿಮ್ಮ ಸಹಿ ಇರುವ ಜಾಬ್ ಕಾರ್ಡ್ ಎಲ್ಲವೂ ನನ್ನ ಹತ್ತಿರ ಇವೆ.

ಆ ದಿನದ ಕೌಂಟರ್ ಮತ್ತು ವರ್ಕ್‌ಶಾಪಿನ ಸಿಸಿಟಿವಿ ರೆಕಾರ್ಡಿಂಗ್ ಅಳಿಸಬೇಡಿ. ಆಯೋಗದ ಮುಂದೆ ಅದನ್ನು ಕೇಳುತ್ತೇನೆ. ಅಳಿಸಿದರೆ, ಅಳಿಸಿದ್ದನ್ನೂ ಅರ್ಜಿಯಲ್ಲಿ ಬರೆಯುತ್ತೇನೆ.

ಇಂತಿ,
ಕಾರಿನ ಮಾಲೀಕಳು