ಪಲ್ಟಿ ಹೊಡೆದ ಕಾರು ಬಿಟ್ಟು ಬೇರೆ ಫೋಟೋನೂ ಹಾಕಿ ಸ್ವಾಮಿ

ಮಾನ್ಯ ಸಂಪಾದಕರೇ,

ಮೊನ್ನೆ ನಿಮ್ಮ ಜಿಲ್ಲಾ ಪುಟದಲ್ಲಿ ಕಾರ್ ರ‍್ಯಾಲಿ ಫೋಟೋ ಬಂದಿದ್ದು ನೋಡಿ ಮೊದ್ಲು ಖುಷಿನೇ ಆಯ್ತು, ನಾಲ್ಕು ಕಾಲಂ, ಅದೂ ಕಲರ್‌ನಲ್ಲಿ. ಸರಿಯಾಗಿ ನೋಡಿದ್ರೆ ಅದು ಗೆದ್ದ ಕಾರಲ್ಲ, ಎರಡನೇದು ಮೂರನೇದೂ ಅಲ್ಲ, ರಸ್ತೆ ಪಕ್ಕದ ಮಣ್ಣಿನ ಧರೆಗೆ ಗುದ್ದಿ ಚಕ್ರ ಮೇಲೆ ಮಾಡ್ಕೊಂಡು ಬಿದ್ದಿದ್ದ ಕಾರು. ಗೆದ್ದ ಡ್ರೈವರ್ ಹೆಸರು ಕೊನೇ ಸಾಲಲ್ಲಿ ಇತ್ತು, ಪಕ್ಕದಲ್ಲಿ ಕೂತು ದಾರಿ ಹೇಳೋ ನ್ಯಾವಿಗೇಟರ್ ಹೆಸರು ಎಲ್ಲೂ ಇಲ್ಲ. ನಿಮ್ಮೊಬ್ಬರ ಪೇಪರ್ ಅಂತಲ್ಲ, ಎಲ್ಲರದ್ದೂ ಇದೇ ಕಥೆ, ವರ್ಷವಿಡೀ ಮೋಟಾರ್ ಸ್ಪೋರ್ಟ್ ಕಡೆ ತಿರುಗಿ ನೋಡಲ್ಲ, ಕಾರು ಪಲ್ಟಿ ಹೊಡೆದ್ರೆ ಮಾತ್ರ ಸಂಜೆ ಆರು ಗಂಟೆಗೆ ನನಗೆ ಫೋನ್ ಬರುತ್ತೆ, "ಪಲ್ಟಿ ಫೋಟೋ ಇದ್ಯಾ" ಅಂತ.

ನಾನು ಚಿಕ್ಕಮಗಳೂರಿನವನು, ಹೊಟ್ಟೆಪಾಡಿಗೆ ಮದುವೆ, ನಾಮಕರಣ, ಗೃಹಪ್ರವೇಶದ ಫೋಟೋ ತೆಗೀತೀನಿ, ಬಿಡುವಿದ್ದಾಗ ರ‍್ಯಾಲಿ, ಆಟೋಕ್ರಾಸ್ (ಬಯಲಲ್ಲಿ ಗುರುತು ಹಾಕಿದ ಸಣ್ಣ ಟ್ರ್ಯಾಕಲ್ಲಿ ಟೈಮ್ ನೋಡಿ ಓಡಿಸೋ ಕಾರ್ ರೇಸು), ಡರ್ಟ್ ಟ್ರ್ಯಾಕ್ ರೇಸು. ತಂಗಿ ಮನೆ ಬೆಂಗಳೂರಲ್ಲಿ ಇರೋದ್ರಿಂದ ಅಲ್ಲಿಗೆ ಹೋದಾಗ ರಗ್ಬಿ ಮ್ಯಾಚ್ ಇದ್ರೆ ಅದನ್ನೂ ಬಿಡಲ್ಲ. ಇದರಿಂದ ದುಡ್ಡೇನೂ ಬರಲ್ಲ, ಲೆನ್ಸ್ ಒಳಗೆ ಧೂಳು ಬರುತ್ತೆ ಅಷ್ಟೇ. ಆದ್ರೆ ಈಗ ಬರೀತಿರೋದು ನನ್ನ ಕಷ್ಟ ಹೇಳ್ಕೊಳೋಕಲ್ಲ. ನೀವು ಯಾವ ಫೋಟೋ ಹಾಕ್ತೀರೋ ಅದನ್ನ ನೋಡ್ಕೊಂಡು ನಮ್ಮ ಹುಡುಗ್ರು ರಸ್ತೆ ಬಂದ್ ಮಾಡಿ ರೇಸ್ ನಡೆಸೋ ಭಾಗದಲ್ಲಿ, ಅಂದ್ರೆ ಸ್ಟೇಜ್‌ನಲ್ಲಿ ಎಲ್ಲಿ ನಿಲ್ಬೇಕು ಅಂತ ಡಿಸೈಡ್ ಮಾಡ್ತಿದಾರೆ, ಅದು ನನಗೆ ಭಯ ಹುಟ್ಟಿಸ್ತಿದೆ.

ಹೇಗೆ ಅಂದ್ರೆ, ಪಲ್ಟಿ ಫೋಟೋ ಬೇಕು ಅಂದ್ರೆ ಕಾರು ಪಲ್ಟಿ ಆಗೋ ಜಾಗದಲ್ಲೇ ನಿಲ್ಬೇಕಲ್ವಾ. ಅದು ತಿರುವಿನ ಹೊರಗಡೆ. ಜಲ್ಲಿ ಮಣ್ಣಿನ ರಸ್ತೆಲಿ ಬ್ರೇಕ್ ಸ್ವಲ್ಪ ಲೇಟಾದ್ರೆ ಸ್ಟೀರಿಂಗ್ ಎತ್ಲಾಗೆ ತಿರುಗಿಸಿದ್ರೂ ಕಾರು ನೇರ ಹೋಗುತ್ತೆ, ನೇರ ಅಂದ್ರೆ ನೀವು ಮೊಬೈಲ್ ಹಿಡ್ಕೊಂಡು ನಿಂತಿರೋ ಕಡೆಗೇ. ಒಳಗಡೆ ನಿಂತ್ರೆ ಸೇಫ್ ಅಂತಾನೂ ಅಲ್ಲ, ಡ್ರೈವರು ತಿರುವನ್ನ ಕಟ್ ಮಾಡಿದಾಗ ಚಕ್ರದಡಿಯಿಂದ ಕಲ್ಲು ಗುಂಡಿನ ಥರ ಹಾರಿ ಬರುತ್ತೆ. ನಿಲ್ಬೇಕಾಗಿರೋದು ಧರೆ ಮೇಲೆ, ಎತ್ತರದಲ್ಲಿ, ರಸ್ತೆಯಿಂದ ಹಿಂದಕ್ಕೆ, ಓಡೋಕೆ ಹಿಂದೆ ದಾರಿ ಇಟ್ಕೊಂಡು, ಆಗುತ್ತೆ ಅಂದ್ರೆ ತಿರುವಿಗಿಂತ ಮೊದಲೇ. ಸಿಲ್ವರ್ ಓಕ್ ಮರದ ಹಿಂದೆ ನಿಂತ್ಕೊಂಡ್ರೆ ಆಯ್ತು ಅಂತ ಕೆಲವ್ರು ಅನ್ಕೊಂಡಿದಾರೆ, ಕಾರು ಗುದ್ದಿದ ಮೇಲೆ ಆ ಮರ ಯಾವ ಕಡೆ ಬೀಳುತ್ತೆ ಅಂತ ಯಾರಿಗೆ ಗೊತ್ತು.

ಇನ್ನೊಂದು ತಪ್ಪು ಕಲ್ಪನೆ ಇದೆ, ಒಂದು ಕಾರು ಹೋದ್ಮೇಲೆ ರಸ್ತೆ ದಾಟೋಕೆ ಟೈಮ್ ಇದೆ ಅಂತ. ಕಾರುಗಳನ್ನ ಒಂದೊಂದಾಗಿ ಮಧ್ಯೆ ಟೈಮ್ ಬಿಟ್ಟು ಬಿಡ್ತಾರೆ, ಧೂಳು ಜಾಸ್ತಿ ಇದ್ರೆ ಗ್ಯಾಪ್ ಇನ್ನೂ ಜಾಸ್ತಿ. ಆ ಗ್ಯಾಪ್‌ನಲ್ಲಿ ಹುಡುಗ್ರು ರಸ್ತೆ ದಾಟಿ ಆ ಕಡೆ ಹೋಗ್ತಾರೆ, ಮಧ್ಯದಲ್ಲಿ ನಿಂತು ಸೆಲ್ಫಿ ಬೇರೆ. ಮುಂದಿನ ಕಾರು ಲೇಟಾಗಿ ಬಂದ್ರೆ ಗ್ಯಾಪ್ ಲೆಕ್ಕ ಪೂರ್ತಿ ತಪ್ಪುತ್ತೆ. ತೋಟದ ರಸ್ತೆಲಿ ಮರ ಗಿಡದ ಮಧ್ಯೆ ಸೌಂಡ್ ಯಾವ ಕಡೆಯಿಂದ ಬರ್ತಿದೆ ಅಂತಾನೂ ಗೊತ್ತಾಗಲ್ಲ, ಗೊತ್ತಾಗೋ ಹೊತ್ತಿಗೆ ಕಾರು ಎದುರಿಗೆ ಇರುತ್ತೆ. ಕಾವಲಿಗೆ ನಿಂತ ಮಾರ್ಷಲ್ ವಿಸಿಲ್ ಹೊಡೆದ್ರೆ ಅವನಿಗೇ ಬೈತಾರೆ, ಅವನೂ ಪಾಪ ಬೆಳಗ್ಗೆ ಕತ್ತಲಲ್ಲಿ ಬಂದು ತಿಂಡಿ ಇಲ್ದೆ ನಿಂತಿರ್ತಾನೆ. ಕೊನೇಲಿ ರೇಸ್ ಮುಗೀತು ಅಂತ ತೋರಿಸೋ ಸ್ವೀಪರ್ ಕಾರು ಹೋಗೋ ತನಕ ಆ ರಸ್ತೆ ನಮ್ಮದಲ್ಲ, ನಾವು ದಿನಾ ಓಡಾಡೋ ರಸ್ತೆನೇ ಆಗಿದ್ರೂ ಅಷ್ಟೇ.

ಇದೆಲ್ಲ ಸುಮ್ನೆ ಹೆದರಿಸೋಕೆ ಅಂತ ಅನ್ಕೋಬೇಡಿ. 1986ರಲ್ಲಿ ಪೋರ್ಚುಗಲ್ ರ‍್ಯಾಲಿಲಿ ಜನ ರಸ್ತೆ ಮೇಲೇ ನಿಂತು ಹತ್ತಿರದಿಂದ ಫೋಟೋ ತೆಗೀತಿದ್ರು, ಕಾರು ಮುಟ್ಟೋದೇ ಒಂದು ಹುಚ್ಚಾಗಿತ್ತು, ಒಂದು ಫೋರ್ಡ್ ಕಾರು ಕಂಟ್ರೋಲ್ ತಪ್ಪಿ ಜನರೊಳಗೆ ನುಗ್ಗಿ ಮೂವರು ಸತ್ತರು, ಮೂವತ್ತಕ್ಕೂ ಹೆಚ್ಚು ಜನಕ್ಕೆ ಗಾಯ. ಅದೇ ವರ್ಷ ಫ್ರಾನ್ಸ್‌ನ ಕಾರ್ಸಿಕಾದಲ್ಲಿ ಡ್ರೈವರ್ ಮತ್ತೆ ನ್ಯಾವಿಗೇಟರ್ ಇಬ್ಬರೂ ಸತ್ತ ಮೇಲೆ ಗ್ರೂಪ್ ಬಿ ಅನ್ನೋ ಆ ಭಾರೀ ಸ್ಪೀಡಿನ ಕ್ಲಾಸಿನ ಕಾರುಗಳನ್ನೇ ಮುಂದಿನ ವರ್ಷದಿಂದ ಬಂದ್ ಮಾಡಿದ್ರು. ನಮ್ಮ ದೇಶದ್ದೇ ಬೇಕಂದ್ರೆ 2019ರ ಸೆಪ್ಟೆಂಬರ್, ರಾಜಸ್ಥಾನದ ಬಾಡಮೇರ್ ಹತ್ರ ನ್ಯಾಷನಲ್ ರ‍್ಯಾಲಿ ನಡೀತಿದ್ದಾಗ ಸ್ಟೇಜ್ ರಸ್ತೆಗೆ ಬೈಕ್ ಬಂದು ಕಾರು ಡಿಕ್ಕಿ ಹೊಡೆದು ಒಂದೇ ಮನೆಯ ಮೂವರು ಹೋದರು. ಆ ಕಾರು ಓಡಿಸ್ತಿದ್ದಿದ್ದು ಗೌರವ್ ಗಿಲ್, ನಮ್ಮ ದೇಶದ ಬೆಸ್ಟ್ ರ‍್ಯಾಲಿ ಡ್ರೈವರ್, 2013, 2016, 2017ರಲ್ಲಿ ಏಷ್ಯಾ ಪೆಸಿಫಿಕ್ ಚಾಂಪಿಯನ್, ಅರ್ಜುನ ಪ್ರಶಸ್ತಿ ಬಂದಿದ್ದೂ ಅದೇ 2019ರಲ್ಲೇ. ಅಂಥವನ ಕೈಲೂ ಕಾರು ನಿಲ್ಲಿಸೋಕೆ ಆಗ್ಲಿಲ್ಲ ಅಂದ್ರೆ ನಮ್ಮೂರ ಆಟೋಕ್ರಾಸ್‌ನಲ್ಲಿ ಮೊದಲ ಸಲ ಜಿಪ್ಸಿ ಹಿಡಿದ ಹುಡುಗನ ಕೈಲಿ ಆಗುತ್ತಾ.

ಈಗ ಒಳ್ಳೇ ಫೋಟೋ ಯಾವುದು ಅಂತ ಕೇಳ್ಬೋದು. ಕಾರು ಪೂರ್ತಿ ಕಂಟ್ರೋಲ್‌ನಲ್ಲಿ ಇರೋ ಫೋಟೋ ತೆಗೆಯೋದೇ ಕಷ್ಟ ಸ್ವಾಮಿ. ಶಟರ್ ಸ್ಪೀಡ್ ಜಾಸ್ತಿ ಇಟ್ರೆ ಚಕ್ರ ನಿಂತ ಹಾಗೆ ಬರುತ್ತೆ, ನೂರರಲ್ಲಿ ಹೋಗ್ತಿದ್ದ ಕಾರು ಮನೆ ಮುಂದೆ ಪಾರ್ಕ್ ಮಾಡಿದ ಹಾಗೆ ಕಾಣುತ್ತೆ. ಅದಕ್ಕೆ ನೂರನೇ ಒಂದು ಭಾಗ ಸೆಕೆಂಡ್ ಹತ್ರ ಇಟ್ಕೊಂಡು, ಸೊಂಟದಿಂದ ಮೇಲೆ ಕಾರಿನ ಜೊತೆಗೇ ತಿರುಗ್ತಾ ಕ್ಲಿಕ್ ಮಾಡ್ಬೇಕು, ಪ್ಯಾನಿಂಗ್ ಅಂತಾರೆ, ಕಾರು ಶಾರ್ಪ್ ಆಗಿ ಹಿಂದಿನ ಕಾಫಿ ಗಿಡ ಎಲ್ಲ ಗೆರೆ ಗೆರೆ ಆಗಿ ಬರುತ್ತೆ. ಹತ್ತರಲ್ಲಿ ಎಂಟು ವೇಸ್ಟ್. ಜೊತೆಗೆ ತೋಟದೊಳಗೆ ಬೆಳಕು ಚುಕ್ಕೆ ಚುಕ್ಕೆ, ಬಿಸಿಲಿದ್ದಲ್ಲಿ ಬಾನೆಟ್ ಬೆಳ್ಳಗೆ ಸುಟ್ಟು ಹೋಗುತ್ತೆ, ನೆರಳಲ್ಲಿ ಡ್ರೈವರ್ ಮುಖನೇ ಇರಲ್ಲ. ಡಿಸೆಂಬರ್ ಕಡೆ ಆದ್ರೆ ಧೂಳು, ಮಳೆಗಾಲದ ಆಟೋಕ್ರಾಸ್ ಆದ್ರೆ ಕೆಸರು, ಕೆಸರೇ ವಾಸಿ ಬಿಡಿ, ಫೋಟೋಗೆ ಜೀವ ಕೊಡೋದು ಅದೇ. ಸರ್ವೀಸ್ ಪಾರ್ಕ್‌ನಲ್ಲೂ ಎಷ್ಟು ಫೋಟೋ ಇದೆ ಗೊತ್ತಾ, ಕೆಲವೇ ನಿಮಿಷದಲ್ಲಿ ಗೇರ್‌ಬಾಕ್ಸ್ ಇಳಿಸಿ ಏರಿಸೋ ಮೆಕ್ಯಾನಿಕ್‌ಗಳು, ತೊಡೆ ಮೇಲೆ ತಿರುವುಗಳ ವಿವರ ಬರೆದಿರೋ ಪೇಸ್ ನೋಟ್ಸ್ ಬುಕ್ ಇಟ್ಕೊಂಡು ಪೆನ್ಸಿಲಲ್ಲಿ ತಿದ್ದೋ ನ್ಯಾವಿಗೇಟರು. ಕಾಸರಗೋಡಿನ ಮೂಸಾ ಷರೀಫ್ ಅವರು ಈ ನ್ಯಾವಿಗೇಟರ್ ಸೀಟಲ್ಲೇ ಕೂತು ಎಷ್ಟೋ ನ್ಯಾಷನಲ್ ಟೈಟಲ್ ಗೆದ್ದಿದಾರೆ, ಅವರ ಫೋಟೋ ನಮ್ಮ ಕನ್ನಡ ಪೇಪರ್‌ಗಳಲ್ಲಿ ಎಷ್ಟು ಜನ ನೋಡಿದೀರಿ ಹೇಳಿ.

ಬೆಂಗಳೂರಿನ ಐಶ್ವರ್ಯಾ ಪಿಸ್ಸೆ 2019ರಲ್ಲಿ ಬಾಹಾ ಅನ್ನೋ ಕಚ್ಚಾ ದಾರಿಯ ಬೈಕ್ ರೇಸ್‌ನ ಮಹಿಳೆಯರ ವರ್ಲ್ಡ್ ಕಪ್ ಗೆದ್ದಳು, ಮೋಟಾರ್ ಸ್ಪೋರ್ಟ್‌ನಲ್ಲಿ ಭಾರತಕ್ಕೆ ಬಂದ ಮೊದಲ ವರ್ಲ್ಡ್ ಟೈಟಲ್ ಅದು. ಸಿ.ಎಸ್. ಸಂತೋಷ್ 2015ರಲ್ಲಿ ಬೈಕಲ್ಲಿ, ಸಾವಿರಾರು ಕಿಲೋಮೀಟರ್ ಕಚ್ಚಾ ದಾರಿ ಓಡಿಸೋ ಡಕಾರ್ ರ‍್ಯಾಲಿ ಮುಗಿಸಿದ ಮೊದಲ ಭಾರತೀಯ. ನಮ್ಮ ಏರಿಯಾದಲ್ಲಿ ಕೇಳಿ ನೋಡಿ, ಸಂತೋಷ್ ಅಂದ್ರೆ ಜನಕ್ಕೆ ನೆನಪಿರೋದು 2021ರಲ್ಲಿ ಸೌದಿಲಿ ಬಿದ್ದು ಕೋಮಾದಲ್ಲಿ ಇದ್ದಿದ್ದು ಮಾತ್ರ.

ರಗ್ಬಿ ವಿಷಯಕ್ಕೆ ಬರ್ತೀನಿ, ಅಲ್ಲೂ ಕಾಯಿಲೆ ಇದೇ. ಬೆಂಗಳೂರಲ್ಲಿ ಒಂದು ಸೆವೆನ್ಸ್ ಟೂರ್ನಮೆಂಟ್ ಆಗಿತ್ತು, ಏಳೇಳು ಜನ, ಏಳೇಳು ನಿಮಿಷದ ಎರಡು ಹಾಫ್, ಕಣ್ಣು ಮುಚ್ಚಿ ತೆಗೆಯೋದ್ರೊಳಗೆ ಮ್ಯಾಚ್ ಮುಗಿದಿರುತ್ತೆ. ಒಂದು ಪೇಪರ್‌ನವರು (ನಿಮ್ಮದಲ್ಲ) ನಾನು ಕಳಿಸಿದ ಫೋಟೋಗಳಲ್ಲಿ ಒಬ್ಬ ಇನ್ನೊಬ್ಬನ ಕತ್ತಿಗೆ ಕೈ ಹಾಕಿ ಕೆಡವಿದ್ದನ್ನ ಆರಿಸಿ "ರೋಮಾಂಚಕ ಕ್ಷಣ" ಅಂತ ಹಾಕಿದ್ರು. ಅದು ಫೌಲು! ಭುಜಕ್ಕಿಂತ ಮೇಲೆ ಟ್ಯಾಕಲ್ ಮಾಡಂಗಿಲ್ಲ, ಕೆಡವಿದವನಿಗೆ ಹಳದಿ ಕಾರ್ಡ್ ಕೊಟ್ಟು ಎರಡು ನಿಮಿಷ ಹೊರಗೆ ಕೂರಿಸಿದ್ರು, ಅವನ ಟೀಮ್ ಆ ಎರಡು ನಿಮಿಷದಲ್ಲೇ ಸೋತಿದ್ದು. ಕ್ಯಾಪ್ಷನ್ ನಾನು ಸರಿಯಾಗೇ ಬರೆದು ಕಳಿಸಿದ್ದೆ, ಅದನ್ನ ತೆಗೆದು ಹಾಕಿದ್ರು. ಮಾರನೇ ದಿನ ಆ ಹುಡುಗನ ಅಪ್ಪ ಪೇಪರ್ ಹಿಡ್ಕೊಂಡು "ಇದೇನೋ ಆಟ, ಹೊಡೆದಾಟ" ಅಂತ ಪ್ರಾಕ್ಟೀಸ್ ನಿಲ್ಲಿಸಿಬಿಟ್ಟರಂತೆ.

ಕಬಡ್ಡಿ ನೋಡಿ ಬೆಳೆದ ನಮ್ಮ ಜನಕ್ಕೆ ರಗ್ಬಿ ಅರ್ಥ ಮಾಡಿಸೋದು ದೊಡ್ಡ ವಿಷಯ ಅಲ್ಲ, ಫೋಟೋ ಸರಿ ಇದ್ರೆ ಸಾಕು. ಬಾಲ್ ಕೈಯಿಂದ ಮುಂದಕ್ಕೆ ಪಾಸ್ ಮಾಡಂಗಿಲ್ಲ, ಪಕ್ಕಕ್ಕೆ ಇಲ್ಲಾ ಹಿಂದಕ್ಕೆ ಮಾತ್ರ, ಹಂಗಾಗಿ ಟ್ರೈ ಲೈನ್ (ಪಾಯಿಂಟ್ ಗಳಿಸೋಕೆ ದಾಟೋ ಗೆರೆ) ಹಿಂದೆ ಮೂಲೇಲಿ ಕೂತ್ರೆ ಅಟ್ಯಾಕ್ ಮಾಡೋ ಟೀಮ್ ಇಡೀ ಸಾಲಾಗಿ ಓಡಿ ಬರೋದು ಎದುರಿಂದನೇ ಸಿಗುತ್ತೆ, ಬಾಲ್ ಹಿಡಿದವನು ಮುಂದೆ, ಉಳಿದವರು ಓರೆಯಾಗಿ ಹಿಂದೆ. ಆ ಒಂದು ಫ್ರೇಮ್‌ನಲ್ಲಿ ಆಟದ ರೂಲ್ ಪೂರ್ತಿ ಇದೆ. ಬಾಲ್ ಗೆರೆ ದಾಟಿದ್ರೆ ಸಾಲ್ದು, ಕೈಯಲ್ಲಿ ನೆಲಕ್ಕೆ ಒತ್ಬೇಕು, ಆಗಲೇ ಐದು ಪಾಯಿಂಟ್, ಆ ಒತ್ತೋ ಕೈ, ಹುಲ್ಲು, ಹಿಂದೆ ಬಗ್ಗಿ ನೋಡೋ ರೆಫ್ರೀ, ಇದಕ್ಕಿಂತ ಒಳ್ಳೇ ಫೋಟೋ ಯಾವ ಆಟದಲ್ಲಿ ಸಿಗುತ್ತೆ. ಲೈನ್‌ಔಟ್‌ನಲ್ಲಿ ಹೊರಗೆ ಹೋದ ಬಾಲ್ ಮತ್ತೆ ಒಳಗೆ ಎಸೆದಾಗ ಹಿಡಿಯೋಕೆ ಒಬ್ಬನನ್ನ ಇಬ್ಬರು ಮೇಲಕ್ಕೆ ಎತ್ತುತಾರಲ್ಲ ಅದೂ ಅಷ್ಟೇ. ಇಲ್ಲೂ ಗೆರೆಗೆ ಅಂಟಿಕೊಂಡು ಕೂರಬಾರ್ದು, ಎಂಬತ್ತು ಕೆಜಿ ಆಳು ಸ್ಪೀಡಲ್ಲಿ ಬಂದು ಮೇಲೆ ಬಿದ್ರೆ ಕ್ಯಾಮೆರಾ ಒಂದೇ ಅಲ್ಲ ಹಲ್ಲೂ ಹೋಗುತ್ತೆ. ಅಂದಹಾಗೆ ಸೆವೆನ್ಸ್ 2016ರಿಂದ ಒಲಿಂಪಿಕ್ಸ್‌ನಲ್ಲಿದೆ, 2025ರಲ್ಲಿ ಮುಂಬೈಲಿ ನಡೆದ ರಗ್ಬಿ ಪ್ರೀಮಿಯರ್ ಲೀಗ್‌ನಲ್ಲಿ ಬೆಂಗಳೂರು ಹೆಸರಿನ ಟೀಮೇ ಆಡಿತ್ತು. 2019ರಲ್ಲಿ ನಮ್ಮ ಹೆಣ್ಮಕ್ಕಳು ಮನಿಲಾದಲ್ಲಿ ಸಿಂಗಾಪುರ್‌ನ 21-19ರಲ್ಲಿ ಸೋಲಿಸಿ ಹದಿನೈದು ಜನರ ಟೀಮ್ ಆಡೋ ರಗ್ಬಿಲಿ ಮೊದಲ ಸಲ ಗೆದ್ದಿದ್ರು, ಎರಡೇ ಪಾಯಿಂಟ್ ಅಂತರ.

ಆಕ್ಸಿಡೆಂಟ್ ಫೋಟೋ ಹಾಕಲೇಬೇಡಿ ಅಂತ ನಾನು ಹೇಳ್ತಿಲ್ಲ. ಯಾರಿಗಾದ್ರೂ ಪೆಟ್ಟಾಗಿದ್ರೆ ಅದು ಸುದ್ದಿ, ಹಾಕಲೇಬೇಕು. ಆದ್ರೆ ಡ್ರೈವರು ನ್ಯಾವಿಗೇಟರು ಇಬ್ಬರೂ ರೋಲ್ ಕೇಜ್ (ಕಾರೊಳಗಿನ ಗಟ್ಟಿ ಸ್ಟೀಲ್ ಚೌಕಟ್ಟು) ಒಳಗಿಂದ ಆರಾಮಾಗಿ ಇಳಿದು ಬಂದು ಚಾ ಕುಡೀತಿರುವಾಗ ಅದನ್ನ ನಾಲ್ಕು ಕಾಲಂ ಹಾಕೋದು ಯಾಕೆ, ಗೆದ್ದವರ ಫೋಟೋ ನನ್ನ ಹತ್ರ ಇತ್ತು, ಕೇಳಿದ್ರೆ ಕೊಡ್ತಿದ್ದೆ. ಮತ್ತೆ ನೀವು ಹಾಕಿದ ಆ ಫೋಟೋ ಎಲ್ಲಿಂದ ತೆಗೆದಿದ್ದು ಅಂತ ನೋಡಿದ ತಕ್ಷಣ ಗೊತ್ತಾಗುತ್ತೆ, ತಿರುವಿನ ಹೊರಗಡೆ, ಜನ ದಾಟಬಾರ್ದು ಅಂತ ಕಟ್ಟಿದ ಟೇಪ್ ದಾಟಿ, ರಸ್ತೆ ಮಟ್ಟದಲ್ಲಿ, ಮೊಬೈಲಲ್ಲಿ. ಕಾರು ಇನ್ನೊಂಚೂರು ಉರುಳಿದ್ರೆ ಅದನ್ನ ತೆಗೆದ ಹುಡುಗನೇ ಸುದ್ದಿ ಆಗ್ತಿದ್ದ. ಅವನಿಗೆ ನೀವು ಫೋಟೋ ಜೊತೆ ಹೆಸರು ಹಾಕಿ ಬೈಲೈನ್ ಕೊಟ್ಟಿದೀರಿ, ಇನ್ನು ಅವನ ಫ್ರೆಂಡ್ಸ್ ಎಲ್ಲ ಮುಂದಿನ ಸಲ ಎಲ್ಲಿ ನಿಲ್ತಾರೆ ಹೇಳಿ. ಟೇಪ್ ಒಳಗಿಂದ ತೆಗೆದ ಫೋಟೋ ಯಾರು ಕಳಿಸಿದ್ರೂ ತಗೊಳಲ್ಲ ಅಂತ ನಿಮ್ಮ ಡೆಸ್ಕ್‌ನಲ್ಲಿ ಒಂದು ರೂಲ್ ಮಾಡಿ, ಅಷ್ಟು ಮಾಡಿದ್ರೂ ಅರ್ಧ ಕೆಲಸ ಆಯ್ತು.

ಆರ್ಗನೈಸರ್‌ಗಳಿಗೂ ಒಂದು ಮಾತು, ಈ ಪತ್ರ ಅವ್ರೂ ಓದ್ತಾರೆ ಅಂತ ಗೊತ್ತು. ಮೀಡಿಯಾ ಜಾಕೆಟ್ ಬೆಂಗಳೂರಿಂದ ಬಂದವರಿಗೆ ಮಾತ್ರ ಕೊಡೋದು ಬಿಟ್ಟು ಊರಿನ ಹುಡುಗ್ರಿಗೂ ಹಿಂದಿನ ದಿನ ಅರ್ಧ ಗಂಟೆ ಬ್ರೀಫಿಂಗ್ ಮಾಡಿ ಜಾಕೆಟ್ ಕೊಡಿ, ಮಾತು ಕೇಳದವನದ್ದು ಸ್ಟೇಜ್‌ನಲ್ಲೇ ಕಿತ್ಕೊಳಿ. ಜಾಕೆಟ್ ಹಾಕಿದ ಹುಡುಗ ತಾನೇ ನಿಂತು ಬೇರೆಯವರನ್ನ ಹಿಂದಕ್ಕೆ ಕಳಿಸ್ತಾನೆ, ನಾನು ಕಣ್ಣಾರೆ ನೋಡಿದೀನಿ.

ಮುಂದಿನ ಆಟೋಕ್ರಾಸ್ ಮುಗಿದ ದಿನ ಸಂಜೆನೇ ನಿಮ್ಮ ಆಫೀಸಿಗೆ ಫೋಟೋ ಮೇಲ್ ಮಾಡ್ತೀನಿ, ಪ್ರತಿ ಕ್ಲಾಸ್‌ನಲ್ಲಿ ಗೆದ್ದವರದ್ದು, ಕಾರ್ ನಂಬರು, ಟೈಮಿಂಗ್, ಕನ್ನಡದಲ್ಲೇ ಕ್ಯಾಪ್ಷನ್, ರ‍್ಯಾಲಿ ಆದ್ರೆ ನ್ಯಾವಿಗೇಟರ್ ಹೆಸರೂ ಸೇರಿಸಿ. ದುಡ್ಡು ಕೊಡೋದಾದ್ರೆ ಸಂತೋಷ, ಇಲ್ಲಾಂದ್ರೂ ಪರ್ವಾಗಿಲ್ಲ, ಕ್ಯಾಪ್ಷನ್ ಮಾತ್ರ ಬದಲಾಯಿಸ್ಬೇಡಿ.

ಇಂತಿ,
ನಿಮ್ಮ ಹಳೇ ಓದುಗ, ಚಿಕ್ಕಮಗಳೂರು